ಮೊದಲ ಕಾಲಂಗೆ ಬಾರದವರು

ನಮ್ಮ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಸಮೀಕ್ಷೆಯ ಉತ್ತರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಹಾಕುವುದು ನಮ್ಮ ಕೆಲಸ. ಜನ ಒಂದೇ ಪ್ರಶ್ನೆಗೆ ಮೂರು ನಾಲ್ಕು ಉತ್ತರಗಳಿಗೆ ಟಿಕ್ ಹಾಕಿರುತ್ತಾರೆ. ಅವೆಲ್ಲ ನಡುನಡುವೆ ಅಲ್ಪವಿರಾಮ ಹಾಕಿಸಿಕೊಂಡು ಒಂದೇ ಚೌಕದೊಳಗೆ ಇಕ್ಕಟ್ಟಿನಲ್ಲಿ ಬಂದು ಕೂತಿರುತ್ತವೆ. ಅಲ್ಪವಿರಾಮ ಇದ್ದಲ್ಲೆಲ್ಲ ಕತ್ತರಿಸಿ ಒಂದೊಂದು ತುಂಡನ್ನೂ ಒಂದೊಂದು ಕಾಲಂಗೆ ಸರಿಸಬೇಕು. ನಾವು ಕಣ್ಣು ಕಿರಿದು ಮಾಡಿಕೊಂಡು ಒಂದೊಂದಾಗಿ ಮಾಡುತ್ತಿದ್ದುದನ್ನು ಅವಳು ಎರಡು ಗುಂಡಿ ಒತ್ತಿ ಮುಗಿಸಿ ಕಾಲು ಚಾಚಿ ಕೂರುತ್ತಿದ್ದಳು. ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಆ ಕಚೇರಿಯಲ್ಲಿ ಜಂಬಪಡಲು ಬೇರೇನಿತ್ತು? ಫ್ಯಾನು ಹಾಕಿದರೆ ಕಾಗದ ಹಾರುತ್ತಿತ್ತು, ಆರಿಸಿದರೆ ಬೆವರು ಸುರಿಯುತ್ತಿತ್ತು.

ಅವಳ ಮನೆಯಲ್ಲಿದ್ದದ್ದು ಅಣ್ಣ ಒಬ್ಬನೇ. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಓದಿಸಿದವನು ಅವನೇ. ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸು ಬಂದದ್ದು ಹೋದದ್ದು ಕೂಗಿ ಹೇಳುತ್ತಿದ್ದ. ಮನೆಗೆ ಬಂದ ಮೇಲೂ ಬಾಯಿ ಮುಚ್ಚುತ್ತಿರಲಿಲ್ಲವಂತೆ. ಅಂಥವನಿಗೆ ಲಕ್ವ ಹೊಡೆದು ಬಲಗೈಯ ಜೊತೆ ಮಾತೂ ಹೋಯಿತು. ಮನಸ್ಸಿನಲ್ಲಿ ಎಲ್ಲ ಇತ್ತು, ನಾಲಿಗೆಗೆ ಬರುತ್ತಿರಲಿಲ್ಲ.

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಜಾಗದ ಪಕ್ಕಕ್ಕೆ, ಮಾತು ಕಲಿಸುವ ಕೋಣೆಯಿತ್ತು. ಒಂದು ಕನ್ನಡಿ, ಕೆಲವು ಕುರ್ಚಿ, ಒಬ್ಬ ಟೀಚರ್. ಅಲ್ಲಿಗೆ ಹೋಗಿ ಹೋಗಿ ಅವನಿಗೆ ನೀರು ಬಂತು, ಸಾಕು ಬಂತು, ಬಾಗಿಲು ಬಂತು. ಒಂದೊಂದು ಮಾತು ಬಂದಾಗಲೂ ಕತ್ತರಿ ಮರುದಿನ ಊಟದ ಹೊತ್ತಿಗೆ ನನಗೆ ವರದಿ ಒಪ್ಪಿಸುತ್ತಿದ್ದಳು. ನನ್ನ ಮಗಳು ಮಾತು ಕಲಿತಾಗ ನಾನೂ ಯಾರ ತಲೆಯನ್ನೂ ಅಷ್ಟು ತಿಂದಿರಲಿಲ್ಲ.

ಆ ನಡುವೆ ಆಸ್ಪತ್ರೆಯೊಂದರ ಸಮೀಕ್ಷೆ ಬಂತು. ಯಾವ ಆಸ್ಪತ್ರೆ, ಯಾತಕ್ಕೆ ಎಂದು ನಮಗೆ ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಜನ ಬಳಸುವ ವಿಭಾಗಗಳು ಯಾವುವು ಎಂಬ ಪ್ರಶ್ನೆ, ವಿಭಾಗದ ಹೆಸರಿನ ಬದಲು ಬರೀ ಸಂಖ್ಯೆ. ಕತ್ತರಿ ಎಂದಿನಂತೆ ಕತ್ತರಿಸಿದಳು. ಸಂಜೆಯೊಳಗೆ ಲೆಕ್ಕ ಬೇಕೆಂದು ಮೇಲಿನವರು ತಲೆ ಮೇಲೆ ಕೂತಿದ್ದರು. ಮೊದಲ ಕಾಲಂನಲ್ಲಿರುವುದೇ ಮುಖ್ಯ ಉತ್ತರ ಅಂದುಕೊಂಡು ಅದೊಂದನ್ನೇ ಎಣಿಸಿ ಕಳಿಸಿಬಿಟ್ಟಳು. ಪಟ್ಟಿಯ ಕೊನೆಯ ಸಂಖ್ಯೆ ಏಳು, ಅದರ ಮುಂದೆ ಸೊನ್ನೆ ಬಿತ್ತು. ಏಳನೇ ವಿಭಾಗದಲ್ಲಿ ನೊಣ ಹೊಡೆಯುತ್ತಾ ಕೂತಿರಬೇಕು ಎಂದು ಇಬ್ಬರೂ ನಕ್ಕೆವು.

ಕೆಲವು ವಾರಗಳ ನಂತರ ಅವಳು ಅಣ್ಣನನ್ನು ಕರೆದುಕೊಂಡು ಹೋದಾಗ ಮಾತಿನ ಕೋಣೆಗೆ ಬೀಗ. ಸಮೀಕ್ಷೆಯ ಪ್ರಕಾರ ಈ ವಿಭಾಗಕ್ಕೆ ಯಾರೂ ಬರುವುದಿಲ್ಲವಾದ್ದರಿಂದ ಮುಚ್ಚಲಾಗಿದೆ ಎಂದು ಬಾಗಿಲಿಗೆ ಕಾಗದ ಅಂಟಿಸಿದ್ದರು. ಇನ್ನೊಂದು ದಾರಿ ಹುಡುಕುತ್ತೇನೆ ಎಂದು ಅವನನ್ನು ಮನೆಗೆ ಬಿಟ್ಟು, ಕಚೇರಿಗೆ ಬಂದು ಆ ಸಮೀಕ್ಷೆಯ ಹಳೆಯ ಫೈಲು ತೆರೆದಳು. ನಾನು ಪಕ್ಕದಲ್ಲೇ ಇದ್ದೆ. ಸೊನ್ನೆ ಬಿದ್ದದ್ದು ಏಳರ ಮುಂದೆ ಮಾತ್ರ, ಅಂದರೆ ಏಳು ಆ ಮಾತಿನ ಕೋಣೆಯೇ.

ಆ ಕೋಣೆಗೆ ಹೋಗಬೇಕಾದರೆ ಮೊದಲು ಸಾಮಾನ್ಯ ವೈದ್ಯರ ಹತ್ತಿರ ಚೀಟಿ ಬರೆಸಿಕೊಳ್ಳಬೇಕು. ಹಾಗಾಗಿ ಏಳಕ್ಕೆ ಟಿಕ್ ಹಾಕಿದ ಪ್ರತಿಯೊಬ್ಬರೂ ಒಂದಕ್ಕೂ, ಅಂದರೆ ಸಾಮಾನ್ಯ ವೈದ್ಯರಿಗೂ, ಹಾಕಿದ್ದರು. ಉತ್ತರಗಳು ಚೌಕದೊಳಗೆ ಪಟ್ಟಿಯ ಕ್ರಮದಲ್ಲೇ ಬರುವುದರಿಂದ ಕತ್ತರಿಸಿದಾಗ ಒಂದು ಮೊದಲ ಕಾಲಂನಲ್ಲಿ ಕೂತಿತ್ತು. ಏಳು ಎರಡನೆಯದಕ್ಕೋ ಮೂರನೆಯದಕ್ಕೋ ಸರಿದಿತ್ತು. ಎಷ್ಟು ಜನ ಬಂದರೂ ಅದು ಮೊದಲ ಕಾಲಂಗೆ ಬರುವಂತೆಯೇ ಇರಲಿಲ್ಲ.

ವಿಭಾಗಕ್ಕೊಂದು ಕಾಲಂ ಮಾಡಿ ಲೆಕ್ಕ ತಿದ್ದಿಕೊಂಡು ನಾವಿಬ್ಬರೂ ಆಸ್ಪತ್ರೆಯ ಅಧಿಕಾರಿಯ ಹತ್ತಿರ ಹೋದೆವು. ಆತ ಕೆಟ್ಟವನಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಹಾಳೆಯನ್ನು ನಿಧಾನವಾಗಿ ನೋಡಿ, ನಮ್ಮನ್ನು ಕೂರಿಸಿ, ನೀರು ತರಿಸಿದ.

"ನೋಡಮ್ಮ, ಈ ಲೆಕ್ಕ ಸರಿ ಇದೆ. ಆದ್ರೆ ಟೀಚರನ್ನ ದೂರದ ಆಸ್ಪತ್ರೆಗೆ ಹಾಕಿ ಆಯ್ತು, ಕೋಣೆನ ಸ್ಟೋರಿಗೆ ಕೊಟ್ಟಾಯ್ತು. ಇನ್ನು ನನ್ನ ಕೈಲಿ ಏನೂ ಇಲ್ಲ," ಎಂದ.

ಮತ್ತೆ ಯಾವಾಗ ಸಮೀಕ್ಷೆ ಮಾಡುತ್ತೀರಿ ಎಂದು ಅವಳು ಕೇಳಿದಳು. ಅದು ತನಗೂ ಗೊತ್ತಿಲ್ಲ ಎಂದ. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಅವಳ ಮನೆಗೆ ಹೋದೆ.

ಅಣ್ಣ ಶರ್ಟು ಹಾಕಿಕೊಂಡು, ಎಡಗೈಯಲ್ಲೇ ಗುಂಡಿ ಹಾಕಿಕೊಂಡು, ಬಾಗಿಲ ಹತ್ತಿರ ಕುರ್ಚಿ ಎಳೆದು ಕಾಯುತ್ತಿದ್ದ. ದಾರಿ ಸಿಕ್ಕಿತೇನೋ ಅಂದುಕೊಂಡಿರಬೇಕು. ಕತ್ತರಿ ಅವನೆದುರು ನೆಲದ ಮೇಲೆ ಕೂತು, ಆ ಕೋಣೆ ಇನ್ನು ತೆರೆಯುವುದಿಲ್ಲ ಎಂದು ಹೇಳಿದಳು.

"ಯಾಕೆ?" ಅಂದ ಅವನು. ಸ್ಪಷ್ಟವಾಗಿ, ತೊದಲದೆ. ಆ ಮಾತನ್ನು ಅವನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲಂತೆ.

"ಯಾರೂ ಬರಲ್ಲ ಅಂತ ಲೆಕ್ಕ ಹೋಯ್ತು ಅಣ್ಣ. ಆ ಲೆಕ್ಕ ಮಾಡಿದ್ದು ನಾನೇ."

ಅವನು ಅವಳನ್ನೇ ನೋಡಿದ. ಬಾಯಿ ತೆರೆದ, ತುಟಿ ಕೂಡಿಸಿದ, ಮತ್ತೆ ತೆರೆದ. ಕತ್ತಿನ ನರ ಉಬ್ಬಿಬಂತು. ಅವಳು ಅವನ ಮೊಣಕಾಲು ಹಿಡಿದುಕೊಂಡು ಕಾದಳು, ನಾನೂ ಕಾದೆ. ಬರಲೇ ಇಲ್ಲ. ಕೊನೆಗೆ ಅವನು ಕಣ್ಣು ಮುಚ್ಚಿಕೊಂಡ.

ಆಮೇಲೆ ದಿನಕಳೆದಂತೆ ಅವನಿಗೆ ಬಂದಿದ್ದ ಮಾತುಗಳೂ ಒಂದೊಂದಾಗಿ ಹೋದವು. ಅವತ್ತು ಅವನು ಅವಳನ್ನು ಬೈಯಲು ಹೊರಟಿದ್ದನೋ, ಹೋಗಲಿ ಬಿಡು ಎನ್ನಲು ಹೊರಟಿದ್ದನೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ.