ನಕ್ಷೆಯಲ್ಲಿಲ್ಲದ ಕೋಣೆ

ಎರಡನೇ ಪಿಯುಸಿ ಓದುತ್ತಿದ್ದ ವರ್ಷ ನಾನು ಪ್ರತಿ ಭಾನುವಾರ ಬೆಳಿಗ್ಗೆ ಎದುರುಮನೆಯ ಮೆಟ್ಟಿಲ ಮೇಲೆ ಕೂತು ನಮ್ಮದೇ ಮನೆಯ ಚಿತ್ರ ಬರೆಯುತ್ತಿದ್ದೆ. ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆಗೆ ಡ್ರಾಯಿಂಗ್ ಹೇಳಿಕೊಡುತ್ತಿದ್ದ ಮೇಡಂ ಕೊಟ್ಟ ಕೆಲಸ ಅದು. ಒಂದೇ ಕಟ್ಟಡ, ಒಂದೇ ಜಾಗದಿಂದ, ಹನ್ನೆರಡು ವಾರ. "ಬೇಜಾರಾಗ್ಬೇಕು ನಿಂಗೆ. ಬೇಜಾರಾದ್ಮೇಲೇ ಸರಿಯಾಗಿ ಕಾಣೋಕೆ ಶುರುವಾಗೋದು," ಎಂದಿದ್ದರು.

ವಿಜಯನಗರದ ಮಾರ್ಕೆಟ್ಟಿನಿಂದ ನಾಲ್ಕು ಅಡ್ಡರಸ್ತೆ ಒಳಗೆ ಇಪ್ಪತ್ತು-ಮೂವತ್ತು ಅಡಿಯ ಸೈಟಿನಲ್ಲಿ ನಮ್ಮ ಮನೆ. ಕೆಳಗೆ ಹಾಲು, ಅಡುಗೆಮನೆ, ಅಪ್ಪ ಅಮ್ಮನ ಕೋಣೆ. ಒಳಗಿನ ಮೆಟ್ಟಿಲು ಹತ್ತಿದರೆ ಮೊದಲ ಮಹಡಿಯ ಹಿಂಭಾಗದಲ್ಲಿ ನನ್ನ ಕೋಣೆ. ಅದರ ಮೇಲಿನ ಮಹಡಿಯಲ್ಲಿ ವಿಜಯಪುರದ ಕಡೆಯ ಬಾಡಿಗೆಯವರು, ಗಂಡ ಹೆಂಡತಿ ಮತ್ತು ಎರಡು ವರ್ಷದ ಮಗಳು. ಗಂಡ ಬೈಕಿನಲ್ಲಿ ಊಟ ತಲುಪಿಸುವ ಕೆಲಸ ಮಾಡುತ್ತಿದ್ದ. ಆ ಅಕ್ಕ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು.

ಅಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ವರ್ಕ್‌ಶಾಪ್ ಒಂದರಲ್ಲಿ ಲೇತ್ ಯಂತ್ರದಲ್ಲಿ ಲೋಹದ ಬಿಡಿಭಾಗ ಕಡೆಯುವ ಕೆಲಸ ಮಾಡುತ್ತಿದ್ದರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಪೀಸು ಪಕ್ಕಕ್ಕೆಸೆಯುವ ಮನುಷ್ಯ. ಮನೆಯನ್ನು ಅವರೇ ಮೇಸ್ತ್ರಿಯ ಜೊತೆ ನಿಂತು ಕಟ್ಟಿಸಿದ್ದರು. ನಾನು ಆರ್ಕಿಟೆಕ್ಚರ್ ಓದುತ್ತೇನೆ ಎಂದಾಗ ನಕ್ಕರು.

"ಮನೆ ಕಟ್ಟೋಕೆ ಐದು ವರ್ಷ ಓದ್ಬೇಕೇನಮ್ಮಾ? ನಮ್ಮ ಮೇಸ್ತ್ರಿ ಏಳನೇ ಕ್ಲಾಸು."

ಆದರೂ ಬಸವೇಶ್ವರನಗರದ ಮೇಡಂ ಹತ್ತಿರ ನನ್ನನ್ನು ಸೇರಿಸಿದವರು ಅವರೇ. ಮೇಡಂ ಮೂವತ್ತು ವರ್ಷ ಆರ್ಕಿಟೆಕ್ಟ್ ಆಗಿ ದುಡಿದು ನಿವೃತ್ತರಾದವರು. ತಮ್ಮ ಕಾರ್ ಶೆಡ್ಡಿನಲ್ಲಿ ಆರು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮೊದಲ ದಿನ ಅಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು, ಡಿಸೈನು, ಆರ್ಕಿಟೆಕ್ಚರು, ಪ್ಲಾನಿಂಗು ಅಂತ ಮೂರು ಮೂರು ಯಾಕೆ ಎಂದು ಕೇಳಿದರು.

"ಡಿಸೈನ್ ಓದಿದ್ರೆ ಕುರ್ಚಿ ಮಾಡ್ತಾಳೆ ಸಾರ್. ಆರ್ಕಿಟೆಕ್ಚರ್ ಓದಿದ್ರೆ ಕುರ್ಚಿ ಇಡೋ ಮನೆ ಮಾಡ್ತಾಳೆ. ಪ್ಲಾನಿಂಗ್ ಓದಿದ್ರೆ, ಆ ಮನೆಗೂ ಪಕ್ಕದ ಮನೆಗೂ ನಡುವೆ ಎಷ್ಟು ಜಾಗ ಇರ್ಬೇಕು ಅಂತ ಹೇಳ್ತಾಳೆ."

"ಅದನ್ನ ಯಾರು ಕೇಳ್ತಾರೆ ಮೇಡಂ?" ಎಂದು ಅಪ್ಪ ನಕ್ಕರು. ಮೇಡಂ ನಗಲಿಲ್ಲ.

ನಾಲ್ಕನೇ ಭಾನುವಾರದ ಹೊತ್ತಿಗೆ ಪಕ್ಕದ ಮನೆ ಇರಲಿಲ್ಲ. ಅದು ಅಪ್ಪನ ವಾಕಿಂಗ್ ಗೆಳೆಯರಾದ ಅಂಕಲ್ ಒಬ್ಬರದು, ಒಂದೇ ಅಂತಸ್ತಿನ ಹಳೇ ಮನೆ. ಅದನ್ನು ಒಡೆದು ಹುಡುಗಿಯರ ಪಿಜಿ ಕಟ್ಟಿಸುತ್ತಿದ್ದರು. ಕೆಳಗೆ ಗಾಡಿ ನಿಲ್ಲಿಸಲು ನೆಲಮಾಳಿಗೆ ಬೇಕೆಂದು ಜೆಸಿಬಿ ತರಿಸಿ ಗುಂಡಿ ತೋಡಿಸಿದರು. ಗುಂಡಿ ನಮ್ಮ ಗೋಡೆಯ ಬುಡಕ್ಕೇ ಬಂದು ನಿಂತಿತು. ಇಣುಕಿದರೆ ನಮ್ಮ ಮನೆಯ ಪಾಯದ ಕಲ್ಲುಗಳು ಕಾಣುತ್ತಿದ್ದವು. ಅವುಗಳ ಕೆಳಗೆ ಕೆಂಪು ಮಣ್ಣು, ಅದರ ಕೆಳಗೆ ನೀರು. ಮನೆಗೆ ಇಷ್ಟೇ ಆಳದ ಕಾಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಏಳನೇ ವಾರದ ಚಿತ್ರವನ್ನು ಮೇಡಂ ಕೈಯಳತೆಯ ದೂರದಲ್ಲಿ ಹಿಡಿದು ನೋಡಿದರು. ಆಮೇಲೆ ಹಿಂದಿನ ಆರೂ ಹಾಳೆಗಳನ್ನು ತರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಈ ಮೂಲೆ ಗೆರೆ ವಾಲಿದೆ."

"ಸಾರಿ ಮೇಡಂ. ಅಳಿಸಿ ಬರೀತೀನಿ."

"ಅಳಿಸ್ಬೇಡ. ಇದು ನಿನ್ನ ಕೈ ತಪ್ಪಾ, ಇಲ್ಲ ಕಂಡಿದ್ದೇ ಹೀಗಾ?"

ಕಂಡಿದ್ದೇ ಹಾಗೆ. ಸರಿಯಾಗಿ ಬರೆದಿದ್ದೇನೆಂಬ ಹೆಮ್ಮೆಯಲ್ಲೇ ತಂದಿದ್ದೆ.

ಮೇಡಂ ಎದ್ದು ಹೋಗಿ ಮೈಕ್ರೋಸ್ಕೋಪಿಗೆ ಬಳಸುವ ತೆಳ್ಳನೆಯ ಗಾಜಿನ ಪಟ್ಟಿ ಎರಡನ್ನು ತಂದು ನನ್ನ ಕೈಗಿಟ್ಟರು. "ಗೋಡೇಲಿ ಬಿರುಕಿದ್ರೆ ಅದಕ್ಕೆ ಅಡ್ಡಡ್ಡ ಇದನ್ನಿಟ್ಟು ಎರಡೂ ತುದಿಗೆ ಸಿಮೆಂಟ್ ಹಚ್ಚು. ಗಾಜು ಹಾಗೇ ಇದ್ರೆ ಅದು ಹಳೇ ಬಿರುಕು. ಒಡೆದ್ರೆ ಮನೆ ಇನ್ನೂ ಸರೀತಾ ಇದೆ ಅಂತ. ಮನೆ ನಕ್ಷೆ ಇದ್ರೆ ಅದನ್ನೂ ತಗೊಂಡು ಬಾ."

ಬಿರುಕು ನನ್ನ ಕೋಣೆಯಲ್ಲೇ ಇತ್ತು. ಕಿಟಕಿಯ ಮೂಲೆಯಿಂದ ನೆಲದ ಕಡೆಗೆ ಓರೆಯಾಗಿ ಇಳಿದಿತ್ತು. ಅದರ ಮೇಲೆ ನನ್ನ ಟೈಮ್‌ಟೇಬಲ್ ಅಂಟಿಸಿಕೊಂಡಿದ್ದೆ. ಟೈಮ್‌ಟೇಬಲ್ ಕಿತ್ತು ಗಾಜು ಕೂರಿಸಿದೆ. ಆಮೇಲೆ ನಕ್ಷೆ ಹುಡುಕಲು ಬೀರುವಿನ ಮೇಲಿನ ಸೂಟ್‌ಕೇಸ್ ಇಳಿಸಿದೆ.

ಪಾಲಿಕೆಯ ಮುದ್ರೆಯಿದ್ದ ಹಾಳೆಯನ್ನು ನನ್ನ ಹಾಸಿಗೆಯ ಮೇಲೆ ಬಿಡಿಸಿದೆ. ನಕ್ಷೆ ಓದುವುದನ್ನು ಆಗಷ್ಟೇ ಕಲಿಯುತ್ತಿದ್ದ ನನಗೆ ಮೊದಲು ತಪ್ಪು ಹಾಳೆ ಸಿಕ್ಕಿತೇನೋ ಅನ್ನಿಸಿತು. ಸೈಟ್ ನಂಬರ್ ಸರಿಯಾಗಿಯೇ ಇತ್ತು. ಅದರಲ್ಲಿದ್ದದ್ದು ಎರಡೇ ಅಂತಸ್ತಿನ ಮನೆ, ಸುತ್ತಲೂ ಮೂರಡಿ ಖಾಲಿ ಜಾಗ. ನಮ್ಮ ಮನೆಯ ಸುತ್ತ ಒಂದು ಕೈ ತೂರಿಸುವಷ್ಟೂ ಜಾಗವಿರಲಿಲ್ಲ. ಬಾಡಿಗೆಯವರ ಮಹಡಿ ಇರಲೇ ಇಲ್ಲ. ಹತ್ತು ವರ್ಷದಿಂದ ನಾನು ಮಲಗುತ್ತಿದ್ದ ಕೋಣೆಯ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಓಪನ್ ಟೆರೇಸ್' ಎಂದು ಬರೆದಿತ್ತು.

ನಾನು ಕೂತಿದ್ದ ಹಾಸಿಗೆಯೂ ಆ ಟೆರೇಸಿನ ಮೇಲೇ ಇತ್ತು. ಅಂದಿನಿಂದ ಆ ಕೋಣೆಯಲ್ಲಿ ಮೆಲ್ಲಗೆ ಹೆಜ್ಜೆಯಿಡುವುದು ಅಭ್ಯಾಸವಾಯಿತು.

ಅಪ್ಪ ಕೆಲಸದಿಂದ ಬಂದು ಕಾಫಿ ಕುಡಿಯುತ್ತಿದ್ದಾಗ ನಕ್ಷೆಯನ್ನು ಮುಂದಿಟ್ಟೆ. ಅವರು ಅದನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಯಾರು ತೆಗಿ ಅಂದಿದ್ದು ಇದನ್ನ?"

"ಮೇಡಂ ಕೇಳಿದ್ರು. ಅಪ್ಪಾ, ಗುಂಡಿ ತೆಗೀತಿರೋ ಬಗ್ಗೆ ಕಂಪ್ಲೇಂಟ್ ಕೊಡೋಣ. ಗೋಡೆ ಬಿರುಕು ಬಿಟ್ಟಿದೆ."

"ಕೊಡೋಣ. ಇಂಜಿನಿಯರ್ ಬರ್ತಾನೆ. ಬಂದ್ರೆ ಮೊದ್ಲು ಕೇಳೋದೇ ಈ ಹಾಳೆ. ಆಗ ಮೊದ್ಲು ಯಾರ ಮನೆ ಒಡೀತಾರೆ ಹೇಳು?" ಲೋಟ ಕೆಳಗಿಟ್ಟರು. "ಈ ರಸ್ತೇಲಿ ಮೂರಡಿ ಬಿಟ್ಟಿರೋ ಒಂದು ಮನೆ ತೋರ್ಸು ನಂಗೆ. ಒಂದು."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಅವಳಿಗೆ ಎಲ್ಲಾ ಗೊತ್ತಿತ್ತು ಎಂದು ಅವಳ ಮುಖ ನೋಡಿಯೇ ತಿಳಿಯಿತು.

ಮರುದಿನ ಸಂಜೆ ಅಪ್ಪ ಪಕ್ಕದ ಅಂಕಲ್ ಜೊತೆ ಗುಂಡಿಯ ಅಂಚಿನಲ್ಲಿ ನಿಂತು ಮಾತಾಡುತ್ತಿದ್ದುದು ನನ್ನ ಕಿಟಕಿಗೆ ಕೇಳಿಸುತ್ತಿತ್ತು.

"ಸ್ವಲ್ಪ ಮಣ್ಣು ಬಿಟ್ಟು ತೋಡಿಸ್ಬೋದಿತ್ತಲ್ಲ ಸಾರ್."

"ಒಂದು ತಿಂಗಳು ತಡ್ಕೊಳ್ಳಿ. ಕಾಲಮ್ ಎದ್ದ ಮೇಲೆ ನಿಮ್ಮನೇಗೂ ಅದೇ ಆಸರೆ," ಎಂದರು ಅಂಕಲ್. ಸ್ವಲ್ಪ ಬಿಟ್ಟು, ಮೊದಲಿಗಿಂತ ಮೆಲ್ಲಗೆ ಸೇರಿಸಿದರು, "ಯಾರೋ ಕಂಪ್ಲೇಂಟ್ ಅಂತೆಲ್ಲ ಮಾತಾಡ್ತಿದ್ರಂತೆ. ಮಾಡಿದ್ರೆ ಇಬ್ರಿಗೂ ತೊಂದ್ರೆನೇ ಅಲ್ವಾ? ನಾವ್ ನಾವೇ ನೋಡ್ಕೊಂಡ್ರಾಯ್ತು."

ಅಪ್ಪ "ಅದೂ ಸರಿನೇ" ಎಂದರು. ಅಪ್ಪ ಅಷ್ಟು ತಗ್ಗಿದ ದನಿಯಲ್ಲಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಗಾಜು ಮೂರನೇ ದಿನ ಒಡೆದಿತ್ತು. ಕಾಲೇಜಿನಿಂದ ಬಂದು ನೋಡಿದರೆ ನಡುವೆ ನೆಟ್ಟಗೆ ಸೀಳಿಕೊಂಡು ಎರಡು ತುಂಡಾಗಿತ್ತು. ಎರಡನೆಯದನ್ನು ಕೂರಿಸಿದೆ. ಅದು ಮರುದಿನ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ತುಂಡುಗಳನ್ನು ಕಾಗದದಲ್ಲಿ ಸುತ್ತಿ ಅಪ್ಪನಿಗೆ ಕೊಟ್ಟೆ. ಅವರು ಬಿಡಿಸಿ ನೋಡಿ, ಒಡೆದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಮತ್ತೆ ಸುತ್ತಿ ಜೇಬಿಗೆ ಹಾಕಿಕೊಂಡರು.

ಆ ವಾರ ಎರಡು ದಿನ ಜೋರು ಮಳೆ ಬಂತು. ಗುಂಡಿಯಲ್ಲಿ ನೀರು ನಿಂತು, ಪಂಪು ದಿನವಿಡೀ ಓಡಿತು. ನನ್ನ ಕೋಣೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿತು. ಅಮ್ಮ ಅಡುಗೆಮನೆಯ ಕಟ್ಟೆಯ ಮೇಲಿಟ್ಟ ನಿಂಬೆಹಣ್ಣು ತಾನಾಗಿ ಉರುಳಿ ಸಿಂಕಿಗೆ ಬಿತ್ತು. ಅವಳು ಅದನ್ನು ಎತ್ತಿ ಅಲ್ಲೇ ಇಟ್ಟಳು. ಮತ್ತೆ ಉರುಳಿತು. ಮೂರನೇ ಸಲ ಅದನ್ನು ಬಟ್ಟಲಲ್ಲಿ ಹಾಕಿಟ್ಟಳು.

ಪ್ರವೇಶ ಪರೀಕ್ಷೆ ಭಾನುವಾರವಿತ್ತು. ಶನಿವಾರ ಮಧ್ಯಾಹ್ನ ಓದಲು ಕೂತಿದ್ದಾಗ ಮೇಲಿನ ಮಹಡಿಯಲ್ಲಿ ಮಗು ಓಡಾಡುವ ಸದ್ದು ಕೇಳಿಸಿತು. ಪುಟ್ಟ ಪುಟ್ಟ ಹೆಜ್ಜೆ. ಪ್ರತಿ ಹೆಜ್ಜೆಗೂ ಬಿರುಕಿನಿಂದ ಸುಣ್ಣದ ಪುಡಿ ಉದುರುತ್ತಿದೆ ಅನ್ನಿಸಿತು. ನಿಜವಾಗಿ ಉದುರುತ್ತಿತ್ತೋ ಇಲ್ಲವೋ ಹೇಳಲಾರೆ. ಪುಸ್ತಕ ಮುಚ್ಚಿ ಮೇಲೆ ಹೋದೆ.

ಅಕ್ಕ ಮಷಿನ್ ನಿಲ್ಲಿಸಿ ನಾನು ಹೇಳಿದ್ದನ್ನೆಲ್ಲ ಕೇಳಿದಳು. ಗಾಜು, ನಕ್ಷೆ, ಗುಂಡಿ ಎಲ್ಲ ಹೇಳಿದೆ.

"ಅಂದ್ರ ನಾವು ಇರೂ ಮನಿನ ಕಾಗದದಾಗ ಇಲ್ಲ?"

"ಇಲ್ಲ ಅಕ್ಕಾ."

"ಈಗ ಏನ್ ಮಾಡ್ಬೇಕಂತೀರಿ?"

"ಒಂದೆರಡು ವಾರ ಬೇರೆ ಕಡೆ ಇರಿ. ಕೆಂಗೇರೀಲಿ ನಿಮ್ಮ ತಮ್ಮ ಇದಾರಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ನಮ್ಮನ್ನ ಹೋಗ್ರಿ ಅಂತೀರಿ. ನೀವು ಮಾತ್ರ ಇಲ್ಲೇ ಇರ್ತೀರೇನ್ರೀ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಎರಡು ಚೀಲ ತುಂಬಿ, ಹೊಲಿಯಲು ಬಂದಿದ್ದ ಬ್ಲೌಸುಗಳನ್ನೆಲ್ಲ ಗಂಟು ಕಟ್ಟಿ, ಗಂಡನಿಗೆ ಫೋನ್ ಮಾಡಿದಳು. ಸಂಜೆ ಐದಕ್ಕೆ ಹೊರಟರು. ಗೇಟಿನ ಹತ್ತಿರ ಅಪ್ಪ ಎದುರಾದರು. ಅಕ್ಕ "ಬರ್ತೀವ್ರೀ" ಎಂದಷ್ಟೇ ಹೇಳಿದಳು.

ಅಪ್ಪ ಒಳಗೆ ಬಂದು ಮೊದಲ ಸಲ ನನ್ನ ಮೇಲೆ ಕೂಗಾಡಿದರು. "ನಾನು ಕಟ್ಟಿದ ಮನೆ ಬೀಳತ್ತೆ ಅಂತ ಊರಿಗೆಲ್ಲ ಸಾರ್ತೀಯಾ?"

"ಹಾಗಾದ್ರೆ ನೀವೇ ಅಳೆದು ನೋಡಿ ಅಪ್ಪಾ. ನಾಳೆ ನಾನು ಪರೀಕ್ಷೆಗೆ ಹೋದ್ಮೇಲೆ ನೋಡಿ. ನಂಗೆ ಹೇಳ್ಬೇಡಿ ಬೇಕಾದ್ರೆ."

ಬೆಳಿಗ್ಗೆ ನಾನು ಮೆಟ್ರೋ ಹತ್ತುವಾಗ ಬಿಸಿಲಿತ್ತು. ಪರೀಕ್ಷಾ ಕೇಂದ್ರದಲ್ಲಿ ಫೋನ್ ಆಫ್ ಮಾಡಿಸಿ ಚೀಲದಲ್ಲಿ ಇಡಿಸಿದರು. ಬಸ್ ನಿಲ್ದಾಣದ ಚಿತ್ರ ಬರೆಯುವ ಪ್ರಶ್ನೆ ಬಂದಿತ್ತು. ಕಂಬದ ಗೆರೆ ಎಳೆಯುವಾಗಲೆಲ್ಲ ಕೈ ನಿಲ್ಲುತ್ತಿತ್ತು. ನೆಟ್ಟಗಿದೆಯೇ ಎಂದು ನಾಲ್ಕು ನಾಲ್ಕು ಸಲ ನೋಡಿದೆ. ಸಮಯ ಸಾಲಲಿಲ್ಲ. ಹೊರಗೆ ಬಂದು ಫೋನ್ ಆನ್ ಮಾಡಿದರೆ ಅಮ್ಮನ ಹದಿನಾಲ್ಕು ಮಿಸ್ಡ್ ಕಾಲ್ ಇದ್ದವು. ವಾಪಸ್ ಮಾಡಿದರೆ ಎತ್ತುವವರಿಲ್ಲ. ವಿಜಯನಗರ ಬರುವವರೆಗೂ ಮತ್ತೆ ಮತ್ತೆ ಮಾಡುತ್ತಲೇ ಇದ್ದೆ.

ನಮ್ಮ ರಸ್ತೆಯ ತುದಿಯಲ್ಲಿ ಜನ ನಿಂತಿದ್ದರು. ಪೊಲೀಸರು ಹಗ್ಗ ಕಟ್ಟಿದ್ದರು. ಜನರ ತಲೆಗಳ ಮೇಲಿಂದ ಮನೆ ಕಾಣಿಸಿತು. ಬಿದ್ದಿರಲಿಲ್ಲ. ಹಿಂದಿನ ಮೂಲೆ ಗುಂಡಿಯೊಳಗೆ ಕುಸಿದು, ಇಡೀ ಮನೆ ಆ ಕಡೆ ವಾಲಿತ್ತು. ನೋಡುವಾಗ ನನ್ನ ತಲೆಯೂ ತಾನಾಗಿ ಓರೆಯಾಯಿತು. ನನ್ನ ಕೋಣೆಯ ಗೋಡೆಯಿರಲಿಲ್ಲ. ಬೀದಿಗೆ ಕಾಣುವಂತೆ ನನ್ನ ಮಂಚ, ಅದರ ಮೇಲಿನ ಹೂವಿನ ಹೊದಿಕೆ.

ಅಪ್ಪ ಅಮ್ಮ ಎದುರುಮನೆಯವರ ಜಗಲಿಯಲ್ಲಿ ಕೂತಿದ್ದರು. ನಡೆದದ್ದನ್ನು ಅಮ್ಮ ಹೇಳಿದಳು. ನಾನು ಹೊರಟ ಮೇಲೆ ಅಪ್ಪ ದಾರದ ತುದಿಗೆ ಹಿತ್ತಾಳೆಯ ತೂಗುಗುಂಡು ಕಟ್ಟಿ ಟೆರೇಸಿನಿಂದ ಇಳಿಬಿಟ್ಟು ಗೋಡೆ ಅಳೆದರಂತೆ. ಎರಡು ಸಲ ಅಳೆದರಂತೆ. ಒಳಗೆ ಬಂದು ಗ್ಯಾಸ್ ಆಫ್ ಮಾಡಿ, "ನಡಿ, ಚಪ್ಪಲಿ ಹಾಕ್ಕೋ" ಎಂದಷ್ಟೇ ಹೇಳಿದರಂತೆ. ಅವರು ಹೊರಗೆ ಬಂದು ಒಂದು ಗಂಟೆಯೊಳಗೆ ಮೂಲೆ ಕುಸಿದಿತ್ತು. ಭಾನುವಾರವಾದ್ದರಿಂದ ಗುಂಡಿಯಲ್ಲಿ ಕೆಲಸದವರಿರಲಿಲ್ಲ.

"ಎಷ್ಟು ವಾಲಿತ್ತಪ್ಪಾ?" ಎಂದು ಕೇಳಿದೆ. ಯಾಕೆ ಅದನ್ನೇ ಕೇಳಿದೆನೋ ಗೊತ್ತಿಲ್ಲ.

ಅಪ್ಪ ಅಂಗೈ ಬಿಡಿಸಿ ಅದರ ಅಗಲ ತೋರಿಸಿದರು.

ಯಾರೂ ಸಾಯಲಿಲ್ಲ. ಬಂದವರೆಲ್ಲ ಅದನ್ನೇ ಹೇಳಿ, ದೇವರು ದೊಡ್ಡವನು ಎಂದು ಕಾಫಿ ಕುಡಿದು ಹೋದರು. ಪಾಲಿಕೆಯವರು ಎರಡು ದಿನದಲ್ಲಿ ಮನೆ ಇಳಿಸಿದರು. ಇಂಜಿನಿಯರ್ ನಕ್ಷೆ ಕೇಳಿದಾಗ ಅಪ್ಪ ತೆಗೆದುಕೊಟ್ಟರು. ಅದೃಷ್ಟಕ್ಕೆ ಸೂಟ್‌ಕೇಸ್ ಉಳಿದಿತ್ತು. ಇಂಜಿನಿಯರ್ ಹಾಳೆ ನೋಡಿ, ಅವಶೇಷದ ರಾಶಿ ನೋಡಿ, ಮತ್ತೆ ಹಾಳೆ ನೋಡಿದ. ಪಕ್ಕದ ಅಂಕಲ್ ಅವತ್ತು ಕಾಣಿಸಲಿಲ್ಲ. ಆಮೇಲೆ ಒಂದು ಸಲ ಮಾರ್ಕೆಟ್ಟಿನಲ್ಲಿ ಎದುರಾದಾಗ ಅಪ್ಪ ಮತ್ತು ಅವರು ಇಬ್ಬರೂ ಒಟ್ಟಿಗೇ ತಲೆ ತಗ್ಗಿಸಿದರು.

ನಾವು ನಾಗರಬಾವಿಯ ಬಾಡಿಗೆ ಮನೆಗೆ ಬಂದೆವು. ಮೊದಲ ದಿನವೇ ನಾನು ಆ ಮನೆಯ ಸುತ್ತ ಒಂದು ಸುತ್ತು ಹಾಕಲು ಹೋದೆ. ಸುತ್ತು ಹಾಕಲು ಜಾಗವಿರಲಿಲ್ಲ. ಅಕ್ಕ ಕೆಂಗೇರಿಯಿಂದ ಒಮ್ಮೆ ಫೋನ್ ಮಾಡಿ ಮಗಳ ಕೈಲಿ ಮಾತಾಡಿಸಿದಳು. ಮತ್ತೆ ಮಾಡಲಿಲ್ಲ.

ಆರ್ಕಿಟೆಕ್ಚರ್ ಪರೀಕ್ಷೆಯಲ್ಲಿ ನನ್ನ ಅಂಕ ಕಮ್ಮಿ ಬಂತು. ಇನ್ನೊಮ್ಮೆ ಬರೆಯಲು ಅವಕಾಶವಿತ್ತು, ಮೇಡಂ ಬರಿ ಎಂದರು. ಬರೆಯಲಿಲ್ಲ. ಪ್ಲಾನಿಂಗ್‌ಗೆ ಬೇರೆ ಅರ್ಜಿ, ಬೇರೆ ಪೇಪರ್ ಇತ್ತು. ಅದನ್ನು ಬರೆದೆ, ಸೀಟು ಸಿಕ್ಕಿತು. ಅಪ್ಪ ಬೇಡ ಎನ್ನಲಿಲ್ಲ. ಅಮ್ಮ ಮಾತ್ರ, "ಅದನ್ನ ಓದಿ ನೀನು ಮನೆ ಒಡೀರಿ ಅಂತ ನೋಟಿಸ್ ಕೊಡೋಕೆ ಹೋಗ್ತೀಯೇನೇ?" ಎಂದು ಕೇಳಿದಳು. ಅವಳ ದನಿಯಲ್ಲಿ ಭಯವಿತ್ತು. ಯಾರ ಪರವಾಗಿ ಎಂದು ನನಗೆ ತಿಳಿಯಲಿಲ್ಲ.

ದಾಖಲೆ ಪರಿಶೀಲನೆಗೆ ಅಪ್ಪನೇ ಜೊತೆಗೆ ಬಂದರು, ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು. ಕೌಂಟರಿನಲ್ಲಿ ಕೂತಿದ್ದವರು ವಿಜಯನಗರದ ವಿಳಾಸವಿದ್ದ ನನ್ನ ಆಧಾರ್ ಕಾರ್ಡು ತಿರುವಿ ನೋಡಿ, ಕನ್ನಡಕದ ಮೇಲಿಂದ ಕಣ್ಣೆತ್ತಿದರು.

"ಈಗ್ಲೂ ಇದೇ ವಿಳಾಸನಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, "ಹೌದು ಸಾರ್, ಸ್ವಂತ ಮನೆ," ಎಂದರು.

ಅವರು ಮುದ್ರೆ ಒತ್ತಿದರು. ನಾನು ಕಾರ್ಡನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ.