ನೋಯುವ ಮೊದಲೇ ಇಳಿಯುವುದು

ಕುರ್ಚಿಯಿಂದ ಏಳುವ ಮೊದಲು ನಾನು ಉಸಿರು ಕಟ್ಟುತ್ತೇನೆ ಎಂಬುದು ಏಳು ವರ್ಷ ನನಗೆ ಗೊತ್ತಿರಲಿಲ್ಲ. ನೋಡಿದವರಿಗೆಲ್ಲ ಗೊತ್ತಿತ್ತಂತೆ. ನಾವು ನಡೆಯುವ ರೀತಿ, ಗೊರಕೆಯ ಶ್ರುತಿ, ನೋವನ್ನು ಹೊತ್ತು ತಿರುಗುವ ಭಂಗಿ, ಇವೆಲ್ಲ ನಮ್ಮವೇ ಆದರೂ ನಮಗೆ ಕಾಣುವುದೇ ಇಲ್ಲ. ಪಕ್ಕದ ಮನೆಯವರಿಗೆ ಕಾಣುತ್ತವೆ.

ನಾನು ಹೆಗ್ಗರಣೆ ಕಡೆಯವನು. ಹೊಟ್ಟೆಪಾಡಿಗೆ ಶಿರಸಿಗೆ ಬಂದು ಒಂದು ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವ ಕೆಲಸಕ್ಕೆ ಸೇರಿದ್ದೆ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ, ಸಾಲಾಗಿ ನಿಲ್ಲಿಸಿ, ಪುಟ ತುಂಬಿದ ಮೇಲೆ ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು ಯಂತ್ರಕ್ಕೆ ಹೊತ್ತೊಯ್ಯುವ ಕೆಲಸ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮದುವೆಗಳ ಕಾಲ, ಕರೆಯೋಲೆಗಳ ಅಚ್ಚು ಬಿಡುವಿಲ್ಲದೆ ನಡೆದಿತ್ತು. ಇಬ್ಬರು ಎತ್ತಬೇಕಾದ ಚೌಕಟ್ಟನ್ನು ಅವಸರಕ್ಕೆ ನಾನೊಬ್ಬನೇ ಎತ್ತಿ, ಸೊಂಟ ತಿರುಗಿಸಿದೆ. ಒಳಗೆ ಎಲ್ಲೋ ಬಟ್ಟೆ ಹರಿದಂತಾಯಿತು. ವಧು, ವರ, ಮುಹೂರ್ತ, ಎರಡೂ ಕಡೆಯ ಬೀಗರು, ಎಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದರು. ಅವರ ನಡುವೆ ನಾನೂ ಬಿದ್ದಿದ್ದೆ.

ವೈದ್ಯರು ಕೇಳಿದರು, “ಎಂಥ ನೋವು?”

ಅಕ್ಷರ ಜೋಡಿಸುವವನಿಗೆ ಕೇಳಬಾರದ ಪ್ರಶ್ನೆ ಅದು. ಮಲಗಿದಲ್ಲೇ ಯೋಚಿಸಿದೆ. ಕನ್ನಡದಲ್ಲಿ ಹುಣ್ಣಿಗೆ ಉರಿ ಇದೆ, ಹಲ್ಲಿಗೆ ಸಿಡಿತ ಇದೆ, ಹೊಟ್ಟೆಗೆ ನುಲಿತ ಇದೆ, ಹೆರಿಗೆಗೆ ಬೇನೆ ಇದೆ. ಕಾಲಿಗೆ ಜೋಮು, ಕುತ್ತಿಗೆಗೆ ಹಿಡಿತ, ಪಕ್ಕೆಗೆ ಚಳಕು, ಪಾದಕ್ಕೆ ಉಳುಕು. ನನ್ನದು ಇವುಗಳಲ್ಲಿ ಮೂರ್ನಾಲ್ಕು ಸೇರಿ ಎಡಗಾಲಿನ ಹಿಮ್ಮಡಿಯವರೆಗೆ ಇಳಿಯುತ್ತಿತ್ತು. ಇಷ್ಟೆಲ್ಲ ಹೆಸರುಗಳೂ ಬಂದು ಹೋಗುವ ನೋವಿನವು. ಬಂದು ಕುಳಿತುಬಿಡುವ ನೋವಿಗೆ ನಮ್ಮ ಹಿರಿಯರು ಯಾಕೆ ಹೆಸರಿಡಲಿಲ್ಲವೋ. ಹೆಸರು ಹಿಡಿದು ಕರೆದರೆ ಇನ್ನಷ್ಟು ಹತ್ತಿರ ಬಂದೀತು ಎಂದು ಹೆದರಿದರೇನೋ.

“ಮೂರು ವಾರ ಮಲಗಿ,” ಎಂದರು ವೈದ್ಯರು. ನಾನು ಏಳು ವರ್ಷ ಮಲಗಿದೆ. ಅಕ್ಷರಶಃ ಅಲ್ಲ. ಕೆಲಸಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ. ಆದರೆ ಮನೆಗೆ ಬಂದವನೇ ಹಾಸಿಗೆಗೆ. ರವಿವಾರ ಇಡೀ ದಿನ ಹಾಸಿಗೆ. ನಡುಮನೆಯ ಮೂಲೆಯಲ್ಲಿ ಬಿಡಿಸಿದ ಆ ಹತ್ತಿಯ ಹಾಸಿಗೆಯನ್ನು ನನ್ನ ಹೆಂಡತಿ ಭವಾನಿ ಮಡಚುವುದನ್ನೇ ಬಿಟ್ಟಿದ್ದಳು. ಇದರ ನಡುವೆ ಎಂದಾದರೂ ಒಂದು ದಿನ ನೋವು ಕಡಿಮೆಯಾಗಿಬಿಟ್ಟರೆ ನನಗೆ ದುರಾಸೆ ಹುಟ್ಟುತ್ತಿತ್ತು. ತಿಂಗಳುಗಟ್ಟಲೆ ಬಾಕಿ ಇದ್ದದ್ದನ್ನೆಲ್ಲ ಅಂದೇ ಮಾಡಿ ಮುಗಿಸುವ ಹುಚ್ಚು. ಕಟ್ಟಿಗೆ ಒಡೆದು, ಬಾವಿಯಿಂದ ಹಂಡೆ ತುಂಬಿಸಿ, ಅಟ್ಟ ಹತ್ತಿ ಇಳಿದು, ಸಂಜೆಗೆ ಗೆದ್ದವನ ಹಾಗೆ ಕುಳಿತರೆ, ಮರುದಿನ ಬೆಳಿಗ್ಗೆ ಭವಾನಿ ಕೈಹಿಡಿದು ಎಬ್ಬಿಸಬೇಕಾಗುತ್ತಿತ್ತು. ಆಮೇಲೆ ನಾಲ್ಕು ದಿನ ನರಳಾಟ. ತಪ್ಪು ಆ ಒಳ್ಳೆಯ ದಿನದ್ದು ಎಂದು ನನಗೆ ಹೊಳೆಯಲೇ ಇಲ್ಲ. ಪ್ರತಿಸಲವೂ ಕೆಟ್ಟ ದಿನವನ್ನೇ ಬೈದೆ.

ಮಾತಿನ ಚಟ ಬೇರೆ. ಯಾರು “ಹೇಗಿದ್ದೀರಿ” ಎಂದರೂ ನಾನು ಬೆನ್ನಿನಿಂದ ಶುರುಮಾಡಿ ಹಿಮ್ಮಡಿಯಲ್ಲಿ ಮುಗಿಸುತ್ತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ನನ್ನನ್ನು ಕಂಡು ಎದುರಿನ ಅಂಗಡಿಗೆ ನುಗ್ಗುವುದನ್ನು ನೋಡಿದ್ದೇನೆ. ಪಾಪ, ಅವರಿಗೆ ಬೇಡದ ಬಕೀಟನ್ನೋ ಛತ್ರಿಯನ್ನೋ ನಾನು ಕೊಳ್ಳಿಸಿರಬಹುದು.

ಮನೆಯಲ್ಲಿ ಮಾತ್ರ ನಗುವಂಥದ್ದು ಇರಲಿಲ್ಲ. ಒಂದು ದಿನ ಹಾಸಿಗೆಯಿಂದ ಏಳಲು ಕೈ ಊರಿದಾಗ, ಅಡುಗೆಮನೆಯಲ್ಲಿ ಬೀಸುವ ಸದ್ದು ನಿಂತಿತು. ನಾನು ಎದ್ದು ನಿಂತ ಮೇಲೆ ಮತ್ತೆ ಶುರುವಾಯಿತು. ಇನ್ನೊಂದು ದಿನ ಗಮನವಿಟ್ಟೆ. ಮತ್ತೆ ಹಾಗೆಯೇ. ನಾನು ಏಳುವಾಗಲೆಲ್ಲ ಭವಾನಿ ಕೈಯ ಕೆಲಸ ನಿಲ್ಲಿಸಿ, ಕಿವಿಗೊಟ್ಟು ಕಾಯುತ್ತಿದ್ದಳು. ದಿನಕ್ಕೆ ಎಷ್ಟು ಸಲ ಎದ್ದಿದ್ದೇನೋ, ಅಷ್ಟು ಸಲ.

ಮಗಳು ಸುಮಾಳಿಗೆ ಆಗ ಹತ್ತು ವರ್ಷ. ನನ್ನ ಬೆನ್ನು ಕೆಟ್ಟಾಗ ಮೂರು. ಎತ್ತಿಕೋ ಎಂದು ಅವಳು ಕೇಳುವುದು ಯಾವಾಗ ನಿಂತಿತು ಎಂದು ನೆನಪು ಮಾಡಿಕೊಳ್ಳಲು ನೋಡಿದ್ದೇನೆ, ಆಗಿಲ್ಲ. ಯಲ್ಲಾಪುರದಿಂದ ಭವಾನಿಯ ತಮ್ಮ ಹೊಸಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದ. ನಾನು ಒಳಗೆ ಮಲಗಿದ್ದೆ. ಅವನು ಜಗಲಿಯಲ್ಲಿ ಇನ್ನೂ ಚಪ್ಪಲಿ ಬಿಡುತ್ತಿದ್ದ.

“ಭಾವ ಮನೇಲಿದ್ನನೆ ಕೂಸೆ? ಗೃಹಪ್ರವೇಶಕ್ಕೆ ಕರೆಯಕ್ಕೆ ಬಂಜಿ.”

“ಅಪ್ಪ ಬತ್ನಿಲ್ಲೆ. ಅಪ್ಪಂಗೆ ಬೆನ್ನು ನೋವು,” ಎಂದಳು ಸುಮಾ.

“ಯಾವ ದಿನ ಹೇಳಿ ಆನು ಇನ್ನೂ ಹೇಳಿದ್ನೇ ಇಲ್ಲೆ.”

“ಯಾವ ದಿನ ಆದ್ರೂ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ ಹೇಳಿದಳು. ಆ ಗಳಿಗೆಯಲ್ಲಿ ನನಗೆ ಬೆನ್ನು ನೋಯುತ್ತಿರಲಿಲ್ಲ. ಎದ್ದು ಹೊರಗೆ ಹೋಗಿ, ಗೃಹಪ್ರವೇಶಕ್ಕೆ ಬರುತ್ತೇನೆ ಎನ್ನಬಹುದಿತ್ತು. ಬಸ್ಸಿನ ಸೀಟು, ರಸ್ತೆಯ ಹೊಂಡ ಎಲ್ಲ ಕಣ್ಣಮುಂದೆ ಬಂದು, ಮಲಗಿಯೇ ಇದ್ದೆ.

ಅದೇ ವಾರ ಮುದ್ರಣಾಲಯಕ್ಕೆ ಖಾದರ್ ಸಾಬರು ಬಂದರು. ಯಲ್ಲಾಪುರದ ಲಾರಿ ಚಾಲಕರು. ಹದಿನೈದು ದಿನಕ್ಕೊಮ್ಮೆ ಹುಬ್ಬಳ್ಳಿಯಿಂದ ಕಾಗದದ ಕಟ್ಟುಗಳನ್ನು ತಂದು ಇಳಿಸುತ್ತಿದ್ದರು. ರಸೀದಿಗೆ ಸಹಿ ಹಾಕಲು ನಾನು ಸ್ಟೂಲಿನಿಂದ ಏಳುತ್ತಿದ್ದೆ.

“ಉಸಿರು ಬಿಡ್ರಿ ಹೆಗಡೇರೆ,” ಎಂದರು.

“ಏನು?”

“ಏಳೂ ಮುಂದ ಉಸಿರು ಕಟ್ತೀರಿ ನೀವು. ನಾನೂ ಕಟ್ತಿದ್ದೆ. ಬಿಟ್ಟು ಏಳ್ರಿ.”

ಬಿಟ್ಟು ಎದ್ದೆ. ನೋವೇನೂ ಓಡಿಹೋಗಲಿಲ್ಲ, ಆದರೆ ಕಚ್ಚುವ ಮೊದಲು ಒಂದು ಕ್ಷಣ ತಡೆಯಿತು. ಅವರಿಗೆ ಇಪ್ಪತ್ತು ವರ್ಷದ ಸೊಂಟ ನೋವಂತೆ. ಒಮ್ಮೆ ಅವಸರಕ್ಕೆ ಹುಬ್ಬಳ್ಳಿಯಿಂದ ಕರಾವಳಿಯವರೆಗೆ ಎಲ್ಲೂ ನಿಲ್ಲಿಸದೆ ಓಡಿಸಿ, ಗಾಡಿಯಿಂದ ಇಳಿಯಲಾಗದೆ ನಾಲ್ಕು ಜನ ಎತ್ತಿ ಇಳಿಸಿದರಂತೆ. ಎರಡು ತಿಂಗಳು ತಾಯಿ ಊಟ ಮಾಡಿಸಿದಳಂತೆ. ಇದನ್ನೆಲ್ಲ ಅವರು ಮೂರು ವಾಕ್ಯದಲ್ಲಿ ಮುಗಿಸಿದರು. ನಾನಾಗಿದ್ದರೆ ಸಂಜೆಯಾಗುತ್ತಿತ್ತು.

ಗೃಹಪ್ರವೇಶದ ವಿಷಯ ನನ್ನ ಬಾಯಿಂದ ಹೇಗೋ ಹೊರಬಂತು. ಭವಾನಿ, ಸುಮಾ ಹಿಂದಿನ ದಿನವೇ ಬಸ್ಸಿಗೆ ಹೋಗುವವರಿದ್ದರು.

“ಆ ದಿನ ನಾ ಇಲ್ಲಿಂದ ಖಾಲಿ ಗಾಡಿ ತಗೊಂಡು ಮನಿಗೆ ಹೋಗೋದು. ಬರ್ರಿ ನನ್ನ ಜೊತಿ.”

ಗೃಹಪ್ರವೇಶದ ದಿನ ಬೆಳಿಗ್ಗೆ ಹೊರಟೆವು. ಭೈರುಂಬೆ ಬರುತ್ತಿದ್ದಂತೆ ಲಾರಿ ನಿಲ್ಲಿಸಿ ಅವರು ಇಳಿದರು. ಎರಡು ಸುತ್ತು ಲಾರಿಯನ್ನು ಬಳಸಿ ನಡೆದು, ಟೈರುಗಳಿಗೆ ಕೋಲಿನಿಂದ ತಟ್ಟಿ, ನನ್ನ ಕಡೆಯ ಬಾಗಿಲು ತೆರೆದರು.

“ಇಳೀರಿ.”

“ನನಗೆ ಈಗ ನೋವಿಲ್ಲ ಸಾಬರೆ. ನೀವು ಮುಗಿಸಿ ಬನ್ನಿ.”

“ಅದಕ್ಕೇ ಇಳೀರಿ ಅಂದೆ. ನೋವು ಬಂದ ಮ್ಯಾಲ ಇಳಿದ್ರ ಸೊಂಟ ಏನು ಕಲೀತದ? ಗಾಡಿ ಹತ್ತಿದ್ರ ನೋವು ಅಂತ ಕಲೀತದ. ಚಲೋ ಇದ್ದಾಗ ಇಳಿದು, ಚಲೋ ಇದ್ದಾಗ ಹತ್ತಬೇಕು.”

ಗೊಣಗುತ್ತ ಇಳಿದೆ. ಎರಡು ಸುತ್ತು ಹಾಕಿದೆ. ಇಪ್ಪತ್ತು ನಿಮಿಷ ಹೋಗುವಷ್ಟರಲ್ಲಿ ಮತ್ತೆ ನಿಲ್ಲಿಸಿದರು. ಬೇಡ್ತಿ ಹೊಳೆಯ ಸೇತುವೆ ಹತ್ತಿರ ಒಂದು ಸಲ, ಮಂಚಿಕೇರಿಯಲ್ಲಿ ಚಹಾದ ನೆಪದಲ್ಲಿ ಒಂದು ಸಲ. ಹಿಂದಿನಿಂದ ಬಂದ ಬಸ್ಸುಗಳೆಲ್ಲ ನಮ್ಮನ್ನು ದಾಟಿ ಹೋದವು. ಒಂದರ ಕಿಟಕಿಯಲ್ಲಿ ಪರಿಚಯದವರೊಬ್ಬರು ನಾನು ಲಾರಿಗೆ ಪ್ರದಕ್ಷಿಣೆ ಹಾಕುವುದನ್ನು ಬೆರಗಾಗಿ ನೋಡಿದರು. ಯಾವ ದೇವರಿಗೆ ಹೇಳಿಕೊಂಡಿದ್ದಾನೆ ಎಂದುಕೊಂಡರೋ.

“ನಿಮ್ಮ ನೋವು ಪೂರ್ತಿ ಹೋಗಿದೆಯೇ?” ಎಂದು ಕೇಳಿದೆ.

“ಎಲ್ಲಿಂದ ಹೋಗ್ತದ್ರಿ. ಇಲ್ಲೇ ಕುಂತದ. ಆದ್ರ ಗಾಡಿ ನಾ ಓಡಸ್ತೀನಿ, ಅದು ಓಡ್ಸಂಗಿಲ್ಲ.”

ಯಲ್ಲಾಪುರದಲ್ಲಿ ಯಾರ ಕೈಯನ್ನೂ ಹಿಡಿಯದೆ ಲಾರಿಯಿಂದ ಇಳಿದೆ. ಅಂಗಳದಲ್ಲಿ ಆಡುತ್ತಿದ್ದ ಸುಮಾ ನನ್ನನ್ನು ಕಂಡು ಓಡಿಬಂದವಳು, ಅರ್ಧ ದಾರಿಯಲ್ಲಿ ನಿಂತು, ತಿರುಗಿ ಮನೆಯೊಳಗೆ ಓಡಿದಳು. ಹೊರಗೆ ಬಂದಾಗ ಒಂದು ಕೈಯಲ್ಲಿ ದಿಂಬು, ಇನ್ನೊಂದು ಕೈಯಲ್ಲಿ ಎಳೆದುಕೊಂಡು ಬರುತ್ತಿದ್ದ ಕುರ್ಚಿ. ನನ್ನ ಏಳು ವರ್ಷದ ಅಭ್ಯಾಸವೆಲ್ಲ ಆ ಎರಡು ಕೈಯಲ್ಲಿತ್ತು.

“ಬ್ಯಾಡ ಕೂಸೆ. ಸ್ವಲ್ಪ ಹೊತ್ತು ನಿಂತ್ಕತ್ತಿ,” ಎಂದೆ.

ಅವಳು ದಿಂಬನ್ನು ಕೆಳಗಿಡಲಿಲ್ಲ. “ಹ್ಯಾಂಗೆ ಬಂದೆ?”

“ಇಳಕತ್ತ ಇಳಕತ್ತ ಬಂದಿ.”

ದಿಂಬನ್ನು ಕುರ್ಚಿಯ ಮೇಲಿಟ್ಟಳು. “ಹಂಗಾರೆ ವಾಪಸ್ ಹೋಗಕಾರೂ ಹಂಗೇ ಹೋಪನ?”

ಹೌದೆಂದು ತಲೆಯಾಡಿಸಿದೆ.

ಆ ದಿನದಿಂದ ಬೆನ್ನು ಸರಿಹೋಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಶಿರಸಿಗೆ ಮರಳಿದ ಮೇಲೆ ನಾನು ಮಾಡಿದ್ದು ಬಹಳ ಸಣ್ಣ ಕೆಲಸಗಳು, ಹೇಳಲು ನಾಚಿಕೆಯಾಗುವಷ್ಟು ಸಣ್ಣವು. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯನ್ನು ನಾನೇ ಸುತ್ತಿ ಮೂಲೆಗೆ ನಿಲ್ಲಿಸಿದೆ. ಮುದ್ರಣಾಲಯದಲ್ಲಿ ಹತ್ತು ಸಾಲು ಜೋಡಿಸಿದ ಮೇಲೆ, ನೋವಿರಲಿ ಬಿಡಲಿ, ಬಾಗಿಲವರೆಗೆ ಹೋಗಿಬಂದೆ. ಮಾಲೀಕರು ಎರಡು ದಿನ ನೋಡಿ ಕೇಳಿದರು, “ಎಂತದ ಹೆಗಡೆ, ಯಾರಾದ್ರೂ ಬರವ್ರಿದ್ವ?”

“ಯಾರೂ ಇಲ್ಲೆ. ಬೆನ್ನಿಗೆ ಪ್ಯಾಟೆ ತೋರಿಸ್ತಾ ಇದ್ದಿ,” ಎಂದೆ. ಅವರು ನಕ್ಕರು.

ಎಲ್ಲಕ್ಕಿಂತ ಕಷ್ಟವಾದದ್ದು ಒಳ್ಳೆಯ ದಿನಗಳಲ್ಲಿ ಕೈ ಕಟ್ಟಿಕೊಳ್ಳುವುದು. ಕಟ್ಟಿಗೆಯ ಎಂಟು ತುಂಡು ಒಡೆದು ಕೊಡಲಿ ಕೆಳಗಿಡುವುದು ಗಂಡಸಿಗೆ ಎಂಥ ಅವಮಾನ ಎಂದು ಒಡೆದವರಿಗೇ ಗೊತ್ತು. ಒಂದು ದೀಪಾವಳಿಗೆ ತಡೆಯಲಾಗದೆ ಇಡೀ ಮನೆಯ ಧೂಳು ಹೊಡೆದು, ಹಬ್ಬದ ಮೂರೂ ದಿನ ಮಲಗಿದೆ. ಸುಮಾ ಎಣ್ಣೆಯ ಬಟ್ಟಲು ಹಿಡಿದು ಬಂದು ಪಕ್ಕದಲ್ಲಿ ಕೂತಳು. ನಾಲ್ಕನೆಯ ದಿನ ಮತ್ತೆ ಹಾಸಿಗೆ ಸುತ್ತಿದೆ. ಹೊಸ ಶತಮಾನ ಬಂದ ಮೇಲೆ ಸೀಸದ ಮೊಳೆಗಳು ಹೋಗಿ ಕಂಪ್ಯೂಟರು ಬಂತು. ಭಾರ ಎತ್ತಿ ಕೆಟ್ಟ ಬೆನ್ನು ಕೂತು ಇನ್ನಷ್ಟು ಕೆಡಬೇಕಿತ್ತು. ನೀರಿನ ತಂಬಿಗೆಯನ್ನು ಮೇಜಿನಿಂದ ತೆಗೆದು ಕೋಣೆಯ ಆಚೆ ತುದಿಯ ಕಿಟಕಿಯಲ್ಲಿಟ್ಟೆ. ಬಾಯಾರಿದಾಗಲೆಲ್ಲ ನಡೆಯಬೇಕು. ಖಾದರ್ ಸಾಬರು ಈಗ ಲಾರಿ ಬಿಟ್ಟಿದ್ದಾರೆ. ಅವರ ಮನೆಗೆ ಹೋದರೆ ಚಹಾ ಕುಡಿಯುತ್ತ ಇಬ್ಬರೂ ನಡುನಡುವೆ ಎದ್ದು ಓಡಾಡುತ್ತೇವೆ. ಅವರ ಹೆಂಡತಿಗೆ ಕಪ್ಪು ಯಾರ ಕೈಗೆ ಕೊಡಬೇಕೆಂದು ತಿಳಿಯುವುದಿಲ್ಲ.

ಸುಮಾ ಕಾಲೇಜಿಗೆ ಸೇರಿದ ವರ್ಷ ಒಂದು ಬೆಳಿಗ್ಗೆ ಭವಾನಿ, “ಚಂದಗುಳಿಗೆ ಹೋಗ್ಬರವು. ಒಂದು ಗಂಟೆ ಕಟ್ಟದಿದ್ದು,” ಎಂದಳು. ಚಂದಗುಳಿಯ ಗಣಪತಿಗೆ ಹರಕೆ ತೀರಿದವರು ಗಂಟೆ ಕಟ್ಟುತ್ತಾರೆ. ಇಂಥದೊಂದು ಹರಕೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

“ಎಂತಕ್ಕೆ ಹೇಳ್ಕಂಡಿದ್ದೆ?”

“ನಿಂಗ್ಳ ಬೆನ್ನಿಂದು.”

“ಬೆನ್ನು ಗುಣ ಆಜಿಲ್ಲೆ. ಇವತ್ತೂ ನೋಯ್ತಾ ಇದ್ದು.”

“ಗುಣ ಮಾಡು ಹೇಳಿ ಆನು ಕೇಳಿದ್ನೇ ಇಲ್ಲೆ,” ಎಂದಳು. “ಇವರ ಮಾತು ಬೆನ್ನು ಬಿಟ್ಟು ಬೇರೆ ಎಲ್ಲಿಗಾದ್ರೂ ಹೋಗ್ಲಿ ಹೇಳಿ ಕೇಳಿದ್ದಿ. ಹೋಗಿ ಮೂರು ವರ್ಷ ಆತು. ನಿಂಗಕ್ಕೇ ಗೊತ್ತಾಜಿಲ್ಲೆ.”

ಹೋದೆವು. ಸಾವಿರಾರು ಗಂಟೆಗಳ ನಡುವೆ ಜಾಗ ಹುಡುಕಿ, ಕೈ ಎತ್ತಿ ನಾನೇ ಕಟ್ಟಿದೆ. ಕಟ್ಟುವಾಗ ಸೊಂಟ ಚಳಕ್ಕೆಂದಿತು.

“ನೋಯ್ತಾ?”

“ಹೌದು.”

“ಸರಿ. ಬಸ್ಸಿಗೆ ಹೊತ್ತಾತು,” ಎಂದಳು ಭವಾನಿ, ಮುಂದೆ ನಡೆದಳು.

ಬಸ್ಸಿನಲ್ಲಿ ನಾನು ಮಾತಾಡಿದೆ. ಆ ವರ್ಷದ ಮಳೆ, ಸುಮಾಳ ಕಾಲೇಜು, ಕಂಪ್ಯೂಟರಿನಲ್ಲಿ ಸಿಗದ ಒಂದು ಒತ್ತಕ್ಷರ, ಹೀಗೆ ಏನೇನೋ. ಬಹಳ ಹೊತ್ತಾದ ಮೇಲೆ ಉತ್ತರ ಬರುತ್ತಿಲ್ಲವಲ್ಲ ಎಂದು ತಿರುಗಿ ನೋಡಿದರೆ, ಭವಾನಿ ಕಿಟಕಿಗೆ ತಲೆಯಾನಿಸಿ ಗಾಢ ನಿದ್ದೆಯಲ್ಲಿದ್ದಳು. ನಾನು ಏಳುವ ಸದ್ದಿಗೇ ಕೈಯ ಕೆಲಸ ನಿಲ್ಲಿಸಿ ಕಾಯುತ್ತಿದ್ದವಳಿಗೆ ರಸ್ತೆಯ ಹೊಂಡಗಳಿಂದಲೂ ಎಚ್ಚರವಾಗಲಿಲ್ಲ. ನಾನು ದನಿ ತಗ್ಗಿಸಿ, ಹೇಳುತ್ತಿದ್ದುದನ್ನು ಹೇಳಿ ಮುಗಿಸಿದೆ.