ಹಳ್ಳದಾಚೆಯ ಮೂವತ್ತೇಳು ಗಿಡಗಳು

ಬೆಳಗಿನ ಐದೂವರೆ. ಆಳಂದ ತಾಲ್ಲೂಕಿನಲ್ಲಿ, ಕಿಣ್ಣಿ ಸುಲ್ತಾನಕ್ಕೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಊರು. ಊರಂಚಿನ ಹಳ್ಳ ದಾಟಿದರೆ ದನ ಮೇಯುವ ಗಾಯರಾಣ ಜಾಗ. ಕಾಶಿಬಾಯಿ ತಲೆಯ ಮೇಲಿನ ಕೊಡ ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣಗಿಲೆಯ ಬುಡದಲ್ಲಿ ಕೂರುತ್ತಾರೆ. ನೀರನ್ನು ಒಮ್ಮೆಲೇ ಸುರಿಯುವುದಿಲ್ಲ; ಅಂಗೈ ಅಡ್ಡ ಹಿಡಿದು ಹನಿಸುತ್ತಾರೆ. ಎರೆಮಣ್ಣು ಬಿರುಕು ಬಿಟ್ಟಿದೆ. ಅವಸರ ಮಾಡಿದರೆ ನೀರೆಲ್ಲ ಬಿರುಕಿನ ಪಾಲು.

ನಳ ಇರುವುದು ಹಳ್ಳದ ಈಚೆ ದಂಡೆಯಲ್ಲಿ. ಗಿಡಕ್ಕೆ ಅರ್ಧ ಕೊಡದಂತೆ ಮೂವತ್ತೇಳು ಗಿಡಗಳಿಗೆ ಹತ್ತೊಂಬತ್ತು ಕೊಡ. ಅಷ್ಟು ಸಲ ಹಳ್ಳ ಇಳಿದು ಹತ್ತಬೇಕು. ಐವತ್ತೆರಡರ ಕಾಶಿಬಾಯಿ ಎಂಟರೊಳಗೆ ಇದನ್ನು ಮುಗಿಸಿ ಕಡಲೆ ಕೀಳುವ ಕೂಲಿಗೆ ಹೊರಡುತ್ತಾರೆ. ನಂದಿಬಟ್ಟಲು, ದಾಸವಾಳ, ದುಂಡುಮಲ್ಲಿಗೆ ಮೈತುಂಬ ಅರಳಿದ್ದರೂ ಇಲ್ಲಿಯ ಹೂವನ್ನು ಊರಿನವರು ಯಾರೂ ಕೀಳುವುದಿಲ್ಲ. ಒಂದೊಂದು ಗಿಡದ ಬುಡದಲ್ಲೂ ಒಂದೊಂದು ಕೂಸನ್ನು ಮಣ್ಣು ಮಾಡಲಾಗಿದೆ.

ತೋಟದ ಕೆಲಸ ಕಾಶಿಬಾಯಿ ಕಲಿತದ್ದು ಈ ಮಣ್ಣಿನಲ್ಲಲ್ಲ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ಸೂರ್ಯಕಾಂತನ ಜೊತೆ ಗೋವಾ ಕಡೆ ದುಡಿಯಲು ಹೋದರು. ಕಡಲ ದಂಡೆಯ ಒಂದು ದೊಡ್ಡ ಉದ್ಯಾನದಲ್ಲಿ ಇಬ್ಬರಿಗೂ ಕೆಲಸ ಸಿಕ್ಕಿತು. ಅಲ್ಲಿ ಮೈ ಸುಡುವ ಬಿಸಿಲಿಲ್ಲ, ನಡುಗಿಸುವ ಚಳಿಯೂ ಇಲ್ಲ. ಚುಚ್ಚಿದ ಕಡ್ಡಿಯೆಲ್ಲ ವಾರದಲ್ಲಿ ಚಿಗುರುತ್ತಿತ್ತು. ಟಿಕೀಟು ತೆಗೆದುಕೊಂಡು ಬಂದ ಪ್ರವಾಸಿಗರು ಹುಲ್ಲುಹಾಸಿನ ಮೇಲೆ ಕೂತು ಸಮುದ್ರ ನೋಡುತ್ತಿದ್ದರು. ಇಪ್ಪತ್ತು ವರ್ಷ ಆ ಹುಲ್ಲು ಕತ್ತರಿಸಿದ್ದು ಸೂರ್ಯಕಾಂತ, ಸಸಿ ಬೆಳೆಸಿದ್ದು ಕಾಶಿಬಾಯಿ.

ಅವರ ಮಗಳು ಶಿವಕಾಂತಾ ಹುಟ್ಟಿದ್ದು ಅಲ್ಲಿಯೇ. ಮೂರು ವರ್ಷದವಳಿದ್ದಾಗ, ಮಳೆಗಾಲದಲ್ಲಿ, ಎರಡೇ ದಿನದ ಜ್ವರಕ್ಕೆ ತೀರಿಕೊಂಡಳು. ಪರಸ್ಥಳದಲ್ಲಿ ತಮ್ಮದೆನ್ನುವ ಜಾಗವಿಲ್ಲ. ಉದ್ಯಾನದ ಹಿಂಗೋಡೆಯಾಚೆ ಪಾಳು ನೆಲದಲ್ಲಿ ಮಣ್ಣು ಮಾಡಿದರು. ಆರು ವರ್ಷಗಳ ಮೇಲೆ ಮಾಲೀಕರು ಆ ನೆಲವನ್ನೂ ಕೊಂಡು, ಗೋಡೆ ಒಡೆದು ಉದ್ಯಾನ ದೊಡ್ಡದು ಮಾಡಿದರು. ಹೊಸ ಹುಲ್ಲುಹಾಸು ಹಚ್ಚುವ ಕೆಲಸ ಕಾಶಿಬಾಯಿಯ ಪಾಲಿಗೇ ಬಂತು.

“ಹಚ್ಚು ಅಂದ್ರು, ಹಚ್ಚಿದೆ. ಯಾರ ಮುಂದ ಹೇಳ್ಲಿರಿ? ಮಣ್ಣು ಮಾಡುವಾಗ ನಾವೂ ಯಾರನ್ನೂ ಕೇಳಿರ್ಲಿಲ್ಲ” ಎನ್ನುತ್ತಾರೆ. ಆಮೇಲೆ ಆ ಹುಲ್ಲಿನ ಮೇಲೆ ಜನ ಕೂತು ಬುತ್ತಿ ಬಿಚ್ಚುವುದನ್ನು, ಫೋಟೊ ತೆಗೆಸಿಕೊಳ್ಳುವುದನ್ನು ನೋಡುತ್ತ ಐದು ವರ್ಷ ಅಲ್ಲಿಯೇ ದುಡಿದರು. ಸೂರ್ಯಕಾಂತನ ಸೊಂಟ ಸೋತಾಗ ಗಂಡ ಹೆಂಡತಿ ಊರಿಗೆ ಮರಳಿದರು. ಅದಾಗಿ ಹನ್ನೊಂದು ವರ್ಷ.

ಊರಲ್ಲಿ ತೀರಿಕೊಂಡ ಎಳೆಗೂಸುಗಳನ್ನು ಹಳ್ಳದಾಚೆ ಹುಗಿದು, ನಾಯಿ ಕೆದರದಂತೆ ಜಾಲಿಮುಳ್ಳು ಹೇರಿ ಬರುವುದು ರೂಢಿ. ಕಲ್ಲಿಲ್ಲ, ಗುರುತಿಲ್ಲ. ಹೆತ್ತವಳಿಗೆ ಜಾಗ ತೋರಿಸುವುದಿಲ್ಲ. ಅದೇ ಜಾಗದಲ್ಲಿ ಕಸ ಸುರಿದಿರುವುದನ್ನು ಕಂಡ ದಿನ ಕಾಶಿಬಾಯಿ ಮನೆಗೆ ಹೋಗಿ ಸಲಿಕೆ ತಂದರು.

ಮೊದಲು ಕಡಲ ದಂಡೆಯಿಂದ ತಂದಿದ್ದ ಬಣ್ಣದೆಲೆಯ ಗಿಡಗಳನ್ನು ನೆಟ್ಟರು. ಯುಗಾದಿಗೆ ಮುಂಚೆ ಎಲ್ಲ ಒಣಗಿದವು. ಈ ನೆಲಕ್ಕೆ ಈ ನೆಲದ್ದೇ ಬೇಕೆಂದು ತಿಳಿದು ಮನೆಮನೆಯ ಹಿತ್ತಲಿನಿಂದ ಟೊಂಗೆ ಬೇಡಿ ತಂದರು. ಕೆಲವರು ಕೊಟ್ಟರು. ಕೆಲವರು, ಹೆಣ್ಣುಮಗಳು ಅಲ್ಲಿ ಕಾಲಿಡುವುದೇ ತಪ್ಪೆಂದು ಬಾಗಿಲು ಹಾಕಿಕೊಂಡರು.

ಎಲ್ಲಿ ನೆಡಬೇಕೆಂದು ಹೇಳಿದವರು ಚಂದ್ರಾಮಪ್ಪ. ಐವತ್ತು ವರ್ಷ ಊರಿನ ಕೂಸುಗಳಿಗೆ ಕುಣಿ ತೋಡಿದ ಮುದುಕ. ಕೋಲೂರಿಕೊಂಡು ಬಂದು, ಇದು ಇಂಥವರದು, ಇಂಥ ವರ್ಷದ್ದು ಎಂದು ಮೂವತ್ತೊಂದು ಜಾಗ ತೋರಿಸಿದರು. ಮರುವರ್ಷ ಅವರು ತೀರಿಕೊಂಡರು. ಓದುಬರಹ ಬಾರದ ಕಾಶಿಬಾಯಿಗೆ ಅಷ್ಟೂ ಬಾಯಿಪಾಠ. ಆಮೇಲಿನ ಆರನ್ನು ಅವರೇ ಕಂಡಿದ್ದಾರೆ.

ಎರಡು ವರ್ಷದ ಹಿಂದೆ ಈ ಜಾಗದಲ್ಲಿ ಗೋದಾಮು ಕಟ್ಟುವ ಮಾತು ಬಂತು. ಕಾಗದದಲ್ಲಿ ಇದು ಖಾಲಿ ನೆಲ. ಗೋದಾಮು ಬೇಕೆಂದು ಮುಂದೆ ನಿಂತು ಅರ್ಜಿ ಕೊಟ್ಟವರು ಊರಿನ ಹಿರಿಯ ಧರ್ಮರಾಜ. ಅಳತೆಗೆ ಬಂದ ದಿನ ಜೆಸಿಬಿಯೂ ಬಂದಿತ್ತು. ಕಾಶಿಬಾಯಿ ಅಡ್ಡ ಮಲಗಲಿಲ್ಲ, ಜಗಳ ಆಡಲಿಲ್ಲ. ಧರ್ಮರಾಜ ಮತ್ತು ಅಳತೆಯವರು ಒಂದು ಸಲ ತನ್ನ ಜೊತೆ ಈ ತುದಿಯಿಂದ ಆ ತುದಿಗೆ ನಡೆದು ಬರಬೇಕೆಂದು ಕೇಳಿಕೊಂಡರು. ಗಿಡ ಮುಟ್ಟಿ ಮುಟ್ಟಿ ಹೆತ್ತವರ ಹೆಸರು ಹೇಳುತ್ತ ಹೋದರು. ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದರು. ಹದಿನಾರು ವರ್ಷ ತನ್ನ ಕೂಸಿನ ಮಾತೆತ್ತದ ವಿದ್ಯಾವತಿ ಒಂದು ದಾಸವಾಳದ ಪಕ್ಕ ಹೋಗಿ ಕೂತುಬಿಟ್ಟರು.

ಒಂದು ನಂದಿಬಟ್ಟಲಿನ ಮುಂದೆ ಕಾಶಿಬಾಯಿ ನಿಂತರು.

“ಇದು ನಿಮ್ದರಿ, ಧರ್ಮರಾಜ ಅಣ್ಣಾ. ಎಂಟು ದಿನದ ಹೆಣ್ಣುಕೂಸು. ನಿಮ್ಮಪ್ಪ ಇಲ್ಲೇ ಕುಂತು ಅತ್ತಿದ್ರಂತ.”

ಇಪ್ಪತ್ತಾರು ವರ್ಷದ ಹಿಂದೆ ಚೊಚ್ಚಲ ಮಗಳನ್ನು ಅಪ್ಪನ ಕೈಗೆ ಕೊಟ್ಟು ಕಳಿಸಿದ್ದ ಧರ್ಮರಾಜ ಎಲ್ಲಿ ಎಂದು ಯಾವತ್ತೂ ಕೇಳಿರಲಿಲ್ಲ. ಬಗ್ಗಿ ಆ ಗಿಡದ ಬುಡ ಮುಟ್ಟಿದರು. ಆಮೇಲೆ ಅಳತೆಯವರ ಕಡೆ ತಿರುಗಿ, “ಟೇಪ್ ಸುತ್ರಿ. ಬ್ಯಾರೆ ಕಡಿ ನೋಡೋಣು” ಎಂದರು. ಗೋದಾಮು ಈಗ ಡಾಂಬರು ರಸ್ತೆಯ ಪಕ್ಕದಲ್ಲಿದೆ. ಅಮಾವಾಸ್ಯೆಯಂದು ಧರ್ಮರಾಜ ಹೆಂಡತಿಯನ್ನು ಕರೆದುಕೊಂಡು ಹಳ್ಳ ದಾಟಿ ಬರುತ್ತಾರೆ. ಆ ದಿನ ಆ ಗಿಡಕ್ಕೆ ನೀರು ಅವರದೇ.

ಮೂವತ್ತೇಳರಲ್ಲಿ ಶಿವಕಾಂತಾಳ ಹೆಸರಿನ ಗಿಡವಿಲ್ಲ. ಯಾಕೆಂದು ಕೇಳಿದರೆ ಕಾಶಿಬಾಯಿ ಕೈಯ ಮಣ್ಣು ಝಾಡಿಸುತ್ತಾರೆ. “ಆಕಿ ಇಲ್ಲಿ ಇಲ್ಲಲ್ರಿ. ಸುಳ್ಳು ಗಿಡ ಯಾಕ ಹಚ್ಚಲಿ?”

ಹೊತ್ತು ಏರುತ್ತಿದೆ. ಕೂಲಿಗೆ ಹೊರಟ ಹೆಂಗಸರು ರಸ್ತೆಯಿಂದ ಕೂಗಿ ಕರೆಯುತ್ತಾರೆ. ಬೇಲಿಯೋ, ನೀರಿನ ಪೈಪೋ, ಕೂರಲು ಒಂದು ಕಟ್ಟೆಯೋ ಬೇಕೇ ಎಂಬ ಮಾತಿಗೆ ಕಾಶಿಬಾಯಿ ಬೇಡವೆಂದು ತಲೆಯಾಡಿಸುತ್ತಾರೆ. ಬೇಡುವುದು ಒಂದೇ ಇದೆಯಂತೆ.

“ಹದಿನಾಲ್ಕು ತಿಂಗಳಾತ್ರಿ, ಹೊಸಾ ಗಿಡ ಹಚ್ಚಿಲ್ಲ. ಮೂವತ್ತೆಂಟನೇದ್ದು ಹಚ್ಚೋ ಕೆಲಸ ನನಗ ಬರಬಾರದು ನೋಡ್ರಿ. ಅಷ್ಟಾದ್ರ ಸಾಕು.”